ಹೋಳಿಗೆ ಆರ್ಡರ್ ಬೇಕು, ಲೋನ್ ಕಾಲ್ ಬೇಡ: ಏನು ಮಾಡಲಿ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಶೇಂಗಾ ಹೋಳಿಗೆ, ಕಡಕ್ ರೊಟ್ಟಿ ಮಾಡಿ ಮಾರುತ್ತೇನೆ. ದಿನಕ್ಕೆ ಹದಿನೈದು ಕಾಲ್ ಆದರೂ ಲೋನು, ಸೈಟು, ಇನ್ಶೂರೆನ್ಸ್ ಅಂತ ಬರುತ್ತವೆ. ಎರಡು ವರ್ಷದ ಹಿಂದೆಯೇ ಡಿಎನ್‌ಡಿ (ಮಾರಾಟದ ಕಾಲ್ ಬೇಡ ಎಂಬ ನೋಂದಣಿ) ಮಾಡಿಸಿದ್ದೇನೆ. ಮುನ್ನೂರು ನಂಬರ್ ಬ್ಲಾಕ್ ಮಾಡಿದ್ದೇನೆ. ಕಡಿಮೆ ಆಗಿಲ್ಲ. ಗುರುತಿಲ್ಲದ ನಂಬರ್ ಎತ್ತಬೇಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನನಗೆ ಆರ್ಡರ್ ಬರುವುದೇ ಗುರುತಿಲ್ಲದ ನಂಬರಿನಿಂದ. ಇದರ ಜೊತೆಗೆ ಯಾರದ್ದೋ ಸಾಲದ ವಸೂಲಿಗೆ ನನಗೆ ಫೋನ್ ಮಾಡುತ್ತಾರೆ. ನಮ್ಮ ಅತ್ತೆಯವರಿಗೆ ‘ಟ್ರಾಯ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ನಂಬರ್ ಬಂದ್ ಆಗುತ್ತೆ’ ಎಂದು ಹಿಂದಿಯಲ್ಲಿ ಕಾಲ್ ಬಂದಿತ್ತಂತೆ. ದಾರಿ ಹೇಳಿ ಸರ್.

ಉತ್ತರ:

ಮೇಡಂ, ಮೊದಲು ಆ ಮುನ್ನೂರು ನಂಬರಿನ ವಿಷಯ. ಬ್ಲಾಕ್ ಮಾಡಿದ್ದು ತಪ್ಪಲ್ಲ, ಆದರೆ ಅದು ಸೊಳ್ಳೆಯನ್ನು ಒಂದೊಂದಾಗಿ ಹೊಡೆದ ಹಾಗೆ. ಕಾಲ್ ಮಾಡಿಸುವವರ ಹತ್ತಿರ ಒಂದೆರಡು ಸಿಮ್ ಇರುವುದಿಲ್ಲ. ಆಫೀಸುಗಳಿಗೆ ಕೊಡುವ ಪಿಆರ್‌ಐ, ಸಿಪ್ ಎಂಬ ಲೈನುಗಳಿವೆ. ಒಂದೇ ಸಂಪರ್ಕ, ಅದರ ಹಿಂದೆ ನೂರಾರು ನಂಬರ್. ನಿಮಗೆ 080 ಎಂದು ಕಾಣಿಸುತ್ತದೆ, ಬೆಂಗಳೂರಿನಿಂದ ಯಾರೋ ಹತ್ತು ಡಜನ್ ಹೋಳಿಗೆ ಕೇಳುತ್ತಿರಬೇಕು ಎಂದು ಹೂರಣದ ಕೈ ತೊಳೆದುಕೊಂಡು ಓಡಿ ಬರುತ್ತೀರಿ. ಅತ್ತ ಕಡೆ ‘ಮೇಡಂ, ಪರ್ಸನಲ್ ಲೋನ್...’ ಶುರು. ಆ ನಂಬರ್ ಬ್ಲಾಕ್ ಮಾಡಿದರೆ ನಾಳೆ ಅದೇ ಸಾಲಿನ ಇನ್ನೊಂದು ನಂಬರ್ ಬರುತ್ತದೆ.

ಬ್ಲಾಕ್ ಮಾಡಿದ್ದು ನಿಮ್ಮ ಫೋನಿಗೆ ಮಾತ್ರ ಗೊತ್ತು. ಕಂಪನಿಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ದೂರು ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ. ಕಾಲ್ ಮಾಡಿದವನ ಲೈನಿಗೇ ಪೆಟ್ಟು ಬೀಳುವುದು ಅದೊಂದರಿಂದಲೇ. ನಾನು ಕೆಲವು ವರ್ಷ ಒಂದು ಟೆಲಿಕಾಂ ಕಂಪನಿಯ ದೂರು ವಿಭಾಗದಲ್ಲಿ ಕೆಲಸ ಮಾಡಿದವನು. ಫೋನಿನಲ್ಲಿ ನಮ್ಮನ್ನು ಅರ್ಧ ಗಂಟೆ ಬೈದು ಇಟ್ಟುಬಿಡುವವರು ಬೇಕಾದಷ್ಟು ಜನ ಇದ್ದರು. ಸರಿಯಾಗಿ ನಂಬರ್, ತಾರೀಖು ಹಾಕಿ ದೂರು ಬರೆಯುವವರು ಬೆರಳೆಣಿಕೆ.

ಈಗ ಡಿಎನ್‌ಡಿ. ಅದನ್ನು ಬಹಳ ಜನ ಗೋಡೆ ಎಂದುಕೊಂಡಿದ್ದಾರೆ. ಅದು ಮನೆ ಬಾಗಿಲಿಗೆ ತೂಗುಹಾಕಿದ ‘ಮಾರಾಟದವರಿಗೆ ಪ್ರವೇಶವಿಲ್ಲ’ ಬೋರ್ಡ್ ಇದ್ದ ಹಾಗೆ. ಬೋರ್ಡ್ ಓದಿ ವಾಪಸ್ ಹೋಗುವವರು ಹೋಗುತ್ತಾರೆ. ಓದದವರು ಗಂಟೆ ಒತ್ತುತ್ತಾರೆ. ಮಾರಾಟದ ಕಾಲ್ ಬೇಡ ಎಂದವರ ಈ ಪಟ್ಟಿ 2007ರಲ್ಲಿ ಶುರುವಾಯಿತು, 2010ರಲ್ಲಿ ನಿಯಮ ಬಿಗಿ ಮಾಡಿದರು, 2018ರಲ್ಲಿ ಪೂರ್ತಿ ಹೊಸದಾಗಿ ಬರೆದರು. ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಮಾರಾಟದ ಕಾಲ್ ಮಾಡುವ ಕಂಪನಿ ನೋಂದಣಿ ಮಾಡಿಸಿಕೊಳ್ಳಬೇಕು, 140ರಿಂದ ಶುರುವಾಗುವ ನಂಬರಿನಿಂದಲೇ ಕಾಲ್ ಮಾಡಬೇಕು, ಕಾಲ್ ಮಾಡುವ ಮುಂಚೆ ಈ ಪಟ್ಟಿ ನೋಡಿಕೊಳ್ಳಬೇಕು. ಹೀಗೆ ನೋಂದಣಿ ಆದವರನ್ನು ಡಿಎನ್‌ಡಿ ಚೆನ್ನಾಗಿಯೇ ತಡೆಯುತ್ತದೆ. ನಿಮಗೆ ಕಾಟ ಕೊಡುತ್ತಿರುವವರು ನೋಂದಣಿಯೇ ಇಲ್ಲದೆ ಸಾಮಾನ್ಯ ಹತ್ತು ಅಂಕಿಯ ಮೊಬೈಲಿನಿಂದಲೋ ಲ್ಯಾಂಡ್‌ಲೈನ್ ತರಹದ ನಂಬರಿನಿಂದಲೋ ಮಾಡುವವರು. ಅವರಿಗೆ ಪಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ.

ಆದರೂ ನಿಮ್ಮ ಡಿಎನ್‌ಡಿ ಇನ್ನೂ ಚಾಲ್ತಿಯಲ್ಲಿದೆಯಾ ನೋಡಿ. ನಿಮ್ಮ ಸಿಮ್ ಕಂಪನಿಯ ಆ್ಯಪಿನಲ್ಲಿ ‘ಡಿಎನ್‌ಡಿ’ ಎಂದು ಹುಡುಕಿದರೆ ಸಿಗುತ್ತದೆ. ಇಲ್ಲವಾದರೆ 1909ಕ್ಕೆ ಕಾಲ್ ಮಾಡಿ. ಎಸ್‌ಎಂಎಸ್ ಸುಲಭ ಎನಿಸಿದರೆ ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಕಳಿಸಿ. ಸೊನ್ನೆ ಎಂದರೆ ಎಲ್ಲ ಬಗೆಯ ಮಾರಾಟವೂ ಬೇಡ ಎಂದು. ಬ್ಯಾಂಕು–ಇನ್ಶೂರೆನ್ಸ್ ಮಾತ್ರ ಬೇಡ, ಸೈಟು–ಮನೆಯದ್ದು ಮಾತ್ರ ಬೇಡ ಎಂದು ಬಿಡಿಬಿಡಿಯಾಗಿಯೂ ಆರಿಸಬಹುದು, ಆದರೆ ನಿಮ್ಮ ಪರಿಸ್ಥಿತಿಯಲ್ಲಿ ಸೊನ್ನೆಯೇ ಸರಿ. ಜಾರಿಗೆ ಬರಲು ಒಂದು ವಾರದ ತನಕ ಬಿಡಿ. ಒಟಿಪಿ, ಬ್ಯಾಂಕಿನ ಮೆಸೇಜು, ಗ್ಯಾಸ್ ಬುಕಿಂಗ್ ಇವೆಲ್ಲ ನಿಲ್ಲುವುದಿಲ್ಲ, ಆ ಭಯ ಬೇಡ.

ಇನ್ನು ದೂರು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಕಾಲ್ ಬಂದ ಮೇಲೆ 7 ದಿನದೊಳಗೆ ದೂರು ಕೊಡಬೇಕು. ಮೊದಲು ಇದು ಬರೀ 3 ದಿನ ಇತ್ತು. 2025ರ ಫೆಬ್ರುವರಿಯಲ್ಲಿ ಟ್ರಾಯ್ ತಿದ್ದುಪಡಿ ತಂದು ಏಳಕ್ಕೆ ಏರಿಸಿತು. ಅದೇ ತಿದ್ದುಪಡಿಯಲ್ಲಿ ನಿಮಗೆ ಉಪಯೋಗದ ಇನ್ನೊಂದೆರಡು ಬದಲಾವಣೆ ಇವೆ. ನೋಂದಣಿ ಇಲ್ಲದವರ ಮೇಲೆ ದೂರು ಕೊಡಲು ಈಗ ನೀವು ಡಿಎನ್‌ಡಿ ಮಾಡಿಸಿರಲೇಬೇಕು ಎಂದೇನಿಲ್ಲ. ಅಂಥವರ ಮೇಲೆ ಟೆಲಿಕಾಂ ಕಂಪನಿ 5 ದಿನದಲ್ಲಿ ಕ್ರಮ ತೆಗೆದುಕೊಳ್ಳಬೇಕು, ಮೊದಲು 30 ದಿನ ಇತ್ತು. ಮತ್ತೆ, ಮೊದಲು 7 ದಿನದಲ್ಲಿ 10 ದೂರು ಬಿದ್ದರೆ ಮಾತ್ರ ಕ್ರಮ ಶುರುವಾಗುತ್ತಿತ್ತು, ಈಗ 10 ದಿನದಲ್ಲಿ 5 ದೂರು ಸಾಕು. ಬೇರೆ ಬೇರೆ ಜನ ಕೊಟ್ಟ ದೂರು ಎಂದು ತಿಳಿಯಿರಿ, ನೀವೊಬ್ಬರೇ ಕೂತು ಐದು ಸಲ ಒತ್ತಿದರೆ ಆಗದು. ಆದರೆ ಇಂಥವರು ಒಂದೇ ದಿನ ಸಾವಿರಾರು ಜನಕ್ಕೆ ಕಾಲ್ ಮಾಡುತ್ತಾರೆ. ಅಷ್ಟು ಜನರಲ್ಲಿ ಐದು ಮಂದಿ ಎದ್ದು ದೂರು ಬರೆದರೆ ಕೆಲಸ ಆಯಿತು. ನಿಮ್ಮ ಓಣಿಯ ಮಹಿಳಾ ಸಂಘದಲ್ಲೇ ಅಷ್ಟು ಜನ ಸಿಗುತ್ತಾರೆ ಅಲ್ವಾ?

ಕ್ರಮ ಎಂದರೆ ಏನು? ಮೊದಲ ಸಲ ಸಿಕ್ಕಿಬಿದ್ದರೆ ಆತನ ಲೈನುಗಳಿಂದ ಹೊರಗೆ ಕಾಲ್ ಹೋಗುವುದು 15 ದಿನ ಬಂದ್. ಮತ್ತೆ ಮಾಡಿದರೆ ಎಲ್ಲ ಕಂಪನಿಗಳಲ್ಲೂ ಆತನ ಎಲ್ಲ ಸಂಪರ್ಕ ಒಂದು ವರ್ಷ ಕಟ್, ಹೆಸರು ಕಪ್ಪುಪಟ್ಟಿಗೆ. ಕಾಲ್‌ನಿಂದಲೇ ಹೊಟ್ಟೆ ಹೊರೆಯುವವನಿಗೆ ಇದು ಅಂಗಡಿಗೆ ಬೀಗ ಹಾಕಿದ ಹಾಗೆ. ಸುಮ್ನೆ ಕಾಗದದ ಮೇಲಿನ ಮಾತು ಎನ್ನಬೇಡಿ. 2024ರ ಮೊದಲ ಆರು ತಿಂಗಳಲ್ಲಿ ನೋಂದಣಿ ಇಲ್ಲದವರ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರು ಬಂದವು. ಅದಾದ ಮೇಲೆ ಆಗಸ್ಟ್ 13ರಂದು ಟ್ರಾಯ್ ಆದೇಶ ಹೊರಡಿಸಿತು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ 50ಕ್ಕೂ ಹೆಚ್ಚು ಸಂಸ್ಥೆಗಳು ಕಪ್ಪುಪಟ್ಟಿಗೆ ಸೇರಿದ್ದವು, 2.75 ಲಕ್ಷ ಸಂಪರ್ಕ ಕಡಿತವಾಗಿತ್ತು. ಆಮೇಲೂ ಕಾಲ್ ಬರುತ್ತಿವೆ, ನಿಜ. ಹೊಸಬರು ಹುಟ್ಟುತ್ತಲೇ ಇರುತ್ತಾರೆ. ಆದರೆ ದೂರಿಗೆ ಹಲ್ಲಿಲ್ಲ ಎಂದು ಮಾತ್ರ ಹೇಳಲಾಗದು.

ದೂರು ಕೊಡಲು ಮೂರ್ನಾಲ್ಕು ದಾರಿ ಇವೆ. ನಿಮಗೆ ನಾನು ಹೇಳುವುದು ‘ಟ್ರಾಯ್ ಡಿಎನ್‌ಡಿ’ ಎಂಬ ಆ್ಯಪ್. ಆಂಡ್ರಾಯ್ಡ್ ಫೋನಾದರೆ ನಿಮ್ಮ ಕಾಲ್ ಪಟ್ಟಿಯನ್ನೇ ತೋರಿಸುತ್ತದೆ, ನಂಬರ್ ಮುಟ್ಟಿ, ಏನು ಮಾರುತ್ತಿದ್ದರು ಎಂದು ಒಂದು ಸಾಲು ಬರೆದು ಕಳಿಸಿಬಿಡಬಹುದು. ಸಿಮ್ ಕಂಪನಿಯ ಆ್ಯಪಿನಲ್ಲೂ ಆಗುತ್ತದೆ. ಎಸ್‌ಎಂಎಸ್ ಮಾಡುವುದಾದರೆ ಕಾಲ್ ಯಾವುದರ ಬಗ್ಗೆ ಎಂದು ಚಿಕ್ಕದಾಗಿ, ಒಂದು ಅಲ್ಪವಿರಾಮ, ಕಾಲ್ ಬಂದ ನಂಬರ್, ಇನ್ನೊಂದು ಅಲ್ಪವಿರಾಮ, ತಾರೀಖು. ತಾರೀಖಿನಲ್ಲಿ ದಿನ, ತಿಂಗಳು, ವರ್ಷ ಎರಡೆರಡು ಅಂಕಿ, ನಡುವೆ ಓರೆ ಗೆರೆ. ಇದನ್ನು 1909ಕ್ಕೆ ಕಳಿಸಿದರೆ ಆಯಿತು. ವಾಪಸ್ ಒಂದು ದೂರಿನ ಸಂಖ್ಯೆ ಬರುತ್ತದೆ, ಅಳಿಸಬೇಡಿ.

ದೂರು ಎಲ್ಲಿ ಬಿದ್ದುಹೋಗುತ್ತದೆ ಎನ್ನುವುದನ್ನು ನಾನು ಕೂತ ಜಾಗದಿಂದ ನೋಡಿದ್ದೇನೆ. ನಂಬರಿನಲ್ಲಿ ಒಂದು ಅಂಕಿ ತಪ್ಪು. ತಾರೀಖು ಇಲ್ಲ. ‘ತುಂಬಾ ಹಿಂಸೆ ಕೊಡ್ತಾರೆ’ ಎಂದಷ್ಟೇ ಬರೆದಿರುತ್ತಾರೆ, ಏನು ಮಾರುತ್ತಿದ್ದರು ಎಂದಿಲ್ಲ. ಹದಿನೈದು ದಿನ ಕಳೆದ ಮೇಲೆ ಸಿಟ್ಟು ಬಂದು ಕಳಿಸಿದ್ದು. ‘ಪರ್ಸನಲ್ ಲೋನ್ ಬೇಕಾ ಎಂದು ಕೇಳಿದರು’ ಎಂದು ಬರೆದರೆ ಸಾಕು, ಬೇರೆ ಕಥೆ ಬೇಡ. ಅವರು ಯಾವ ಬ್ಯಾಂಕಿನ ಹೆಸರು ಹೇಳಿದರು ಎನ್ನುವುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಹದಿನೈದು ಕಾಲಿಗೂ ದೂರು ಬರೆಯುತ್ತಾ ಕೂತರೆ ಹೋಳಿಗೆ ಬೇಯುವುದು ಯಾವಾಗ ಎಂದು ನೀವು ಕೇಳಬಹುದು. ಬೇಡ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಕೂತು ಅವತ್ತಿನ ಕಾಲ್ ಪಟ್ಟಿಯಿಂದ ಎರಡು ಮೂರು ಆರಿಸಿ, ಪದೇ ಪದೇ ಬರುವ ಕಂಪನಿಯದ್ದನ್ನು ಮೊದಲು. ನಮ್ಮ ತಂದೆಯ ಫೋನಿನಲ್ಲಿ ನಾನು ಹೀಗೇ ಮಾಡುತ್ತಾ ಬಂದೆ. ಮೊದಲ ವಾರ ಏನೂ ವ್ಯತ್ಯಾಸ ಕಾಣಲಿಲ್ಲ, ‘ನಿನ್ನ ನೌಕರಿಯ ಬುದ್ಧಿ ಇನ್ನೂ ಹೋಗಿಲ್ಲ’ ಎಂದು ನಕ್ಕರು. ಎರಡು ತಿಂಗಳು ಕಳೆಯುವ ಹೊತ್ತಿಗೆ ಅವರ ಮಧ್ಯಾಹ್ನದ ನಿದ್ದೆ ಕೆಡುವುದು ಕಡಿಮೆ ಆಗಿತ್ತು. ಪೂರ್ತಿ ನಿಂತಿತು ಎಂದು ಸುಳ್ಳು ಹೇಳಲಾರೆ.

ಈಗ ಒಂದು ಕಹಿ ಮಾತು. ಕೆಲವು ಕಾಲಿಗೆ ಅನುಮತಿ ಕೊಟ್ಟವರು ನೀವೇ ಇರಬಹುದು. ಸಾಲದ ಅರ್ಜಿ, ಕ್ರೆಡಿಟ್ ಕಾರ್ಡ್ ಅರ್ಜಿ, ಇನ್ಶೂರೆನ್ಸ್ ಫಾರಂ, ಇವುಗಳಲ್ಲಿ ಸಣ್ಣ ಅಕ್ಷರದಲ್ಲಿ ‘ಡಿಎನ್‌ಡಿ ಇದ್ದರೂ ನನಗೆ ಕರೆ ಮಾಡಬಹುದು’ ಎನ್ನುವ ಸಾಲು ಇರುತ್ತದೆ. ನಾವು ಓದದೆ ಟಿಕ್ ಒತ್ತುತ್ತೇವೆ. ಆ ಟಿಕ್ ನಿಮ್ಮ ಡಿಎನ್‌ಡಿಗಿಂತ ಮೇಲು. ದೂರು ಕೊಟ್ಟಾಗ ‘ಗ್ರಾಹಕರ ಒಪ್ಪಿಗೆ ಇದೆ’ ಎಂದು ಉತ್ತರ ಬಂದರೆ ಕಾರಣ ಇದೇ. ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು. ನಿಮ್ಮ ಖಾತೆ ಇರುವ ಬ್ಯಾಂಕಿಗೆ ಇಮೇಲ್ ಮಾಡಿ, ಇಲ್ಲವೇ ಶಾಖೆಯಲ್ಲಿ ಒಂದು ಹಾಳೆ ಬರೆದುಕೊಡಿ: ಮಾರಾಟದ ಕಾಲ್, ಮೆಸೇಜಿಗೆ ನನ್ನ ಒಪ್ಪಿಗೆ ಇಲ್ಲ, ನನ್ನ ನಂಬರನ್ನು ಆ ಪಟ್ಟಿಯಿಂದ ತೆಗೆಯಿರಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಹಳೆಯ ಪದ್ಧತಿ, ಆದರೆ ಸೀಲಿಗೆ ಬ್ಯಾಂಕಿನವರು ಇವತ್ತಿಗೂ ಹೆದರುತ್ತಾರೆ.

ಉಚಿತವಾಗಿ ಸಿಬಿಲ್ ಸ್ಕೋರ್ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ತೋರಿಸುತ್ತೇವೆ ಎನ್ನುವ ಆ್ಯಪುಗಳನ್ನು ಒಮ್ಮೆಯಾದರೂ ತೆರೆದಿದ್ದೀರಾ? ಸಾಲದ ಕಾಲುಗಳ ಒಂದು ದೊಡ್ಡ ಬುಗ್ಗೆ ಅಲ್ಲೇ ಇದೆ. ಸ್ಕೋರು ಉಚಿತ, ಬದಲಿಗೆ ನಿಮ್ಮ ನಂಬರ್, ‘ನಮ್ಮ ಪಾಲುದಾರರು ಸಂಪರ್ಕಿಸಬಹುದು’ ಎಂಬ ಒಪ್ಪಿಗೆ. ಆ ಪಾಲುದಾರರು ಎಷ್ಟು ಮಂದಿ ಎಂದು ಯಾರೂ ಹೇಳುವುದಿಲ್ಲ. ಸೈಟು ಮಾರುವ ವೆಬ್‌ಸೈಟಿನಲ್ಲಿ ‘ಬೆಲೆ ನೋಡಲು ನಂಬರ್ ಹಾಕಿ’ ಎನ್ನುವುದೂ ಇದೇ ಆಟ. ಧಾರವಾಡದ ಕಡೆ ಒಂದು ಪ್ಲಾಟಿನ ಬೆಲೆ ಸುಮ್ನೆ ನೋಡಿದವರಿಗೆ ದೇವನಹಳ್ಳಿಯಿಂದ ಸಕಲೇಶಪುರದ ತನಕ ಇರುವ ಜಮೀನೆಲ್ಲ ಮಾರಾಟಕ್ಕೆ ಬರುತ್ತದೆ. ಖಾತೆ ಅಳಿಸುವ ಆಯ್ಕೆ ಆ್ಯಪಿನ ಒಳಗೆ ಇರುತ್ತದೆ. ಮೊದಲು ಖಾತೆ ಅಳಿಸಿ, ಆಮೇಲೆ ಆ್ಯಪ್ ತೆಗೆಯಿರಿ. ಬರೀ ಆ್ಯಪ್ ತೆಗೆದರೆ ನಂಬರ್ ಅಲ್ಲೇ ಉಳಿಯುತ್ತದೆ. ಜಾತ್ರೆ, ಎಕ್ಸಿಬಿಷನ್ನಿನ ಲಕ್ಕಿ ಡ್ರಾ ಚೀಟಿಗೆ ನಂಬರ್ ಬರೆಯಬೇಡಿ. ಅಂಗಡಿಯ ಬಿಲ್ ಕೌಂಟರಿನಲ್ಲಿ ನಂಬರ್ ಕೇಳಿದರೆ ಕೊಡುವುದಿಲ್ಲ ಎನ್ನಿ. ನಂಬರ್ ಕೊಡದಿದ್ದರೆ ಬಿಲ್ಲೇ ಇಲ್ಲ ಎಂದು ಅಂಗಡಿಯವರು ಹಠ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಸೂಚನೆ ಕೊಟ್ಟಿದೆ.

ನಿಮ್ಮ ವ್ಯಾಪಾರಕ್ಕೆ ಬರೋಣ. ಅಪರಿಚಿತ ಕಾಲನ್ನು ಫೋನೇ ಸುಮ್ಮನಾಗಿಸುವ ಸೌಲಭ್ಯ ಐಫೋನಿನಲ್ಲಿದೆ, ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ನಿಮಗೆ ಅದು ಆಗುವುದಿಲ್ಲ, ಆರ್ಡರೂ ಹೋಗುತ್ತದೆ. ನಾನಾಗಿದ್ದರೆ ಎರಡು ನಂಬರ್ ಇಟ್ಟುಕೊಳ್ಳುತ್ತಿದ್ದೆ. ಈಗಿರುವ ನಂಬರ್ ಗಿರಾಕಿಗಳ ಬಾಯಲ್ಲಿದೆ, ಹೋಳಿಗೆ ಡಬ್ಬಿಯ ಚೀಟಿಯ ಮೇಲಿದೆ, ಅದು ಹಾಗೇ ಇರಲಿ. ಬ್ಯಾಂಕು, ಆನ್‌ಲೈನ್ ಖರೀದಿ, ಫಾರಂ ಇವಕ್ಕೆಲ್ಲ ಇನ್ನೊಂದು ಸಿಮ್ ಇರಲಿ. ಆ ಎರಡನೆಯದರಲ್ಲಿ ಅಪರಿಚಿತ ಕಾಲ್ ಪೂರ್ತಿ ಸೈಲೆಂಟ್ ಮಾಡಿಬಿಡಿ. ಹೊಸ ಸಿಮ್ಮಿಗೆ ಮೊದಲ ದಿನವೇ ಸೊನ್ನೆ ಹಾಕಿದ ಎಸ್‌ಎಂಎಸ್ ಕಳಿಸಿ.

ಬಿಸಿನೆಸ್ ನಂಬರಿನ ಫೋನಿನಲ್ಲಿ ಸ್ಪ್ಯಾಮ್ ಎಚ್ಚರಿಕೆ ಹಾಕಿಕೊಳ್ಳಿ. ಆಂಡ್ರಾಯ್ಡ್‌ನ ಡಯಲರ್ ಸೆಟ್ಟಿಂಗಿನಲ್ಲಿ ಕಾಲರ್ ಐಡಿ ಮತ್ತು ಸ್ಪ್ಯಾಮ್ ಎಂದು ಇರುತ್ತದೆ. ಏರ್‌ಟೆಲ್ ಸಿಮ್ಮಾದರೆ 2024ರ ಸೆಪ್ಟೆಂಬರಿನಿಂದ ಕಂಪನಿಯೇ ಅನುಮಾನದ ಕಾಲಿಗೆ ಎಚ್ಚರಿಕೆ ತೋರಿಸುತ್ತದೆ. ಟ್ರೂಕಾಲರ್ ತರಹದ ಆ್ಯಪ್ ಹಾಕುವುದು ಬಿಡುವುದು ನಿಮ್ಮಿಷ್ಟ. ನಾನು ಹಾಕಿಲ್ಲ. ಕೆಂಪು ಬಣ್ಣ ಬಂದರೆ ಎತ್ತಬೇಡಿ, ಅಷ್ಟೇ. ನಿಜವಾದ ಗಿರಾಕಿ ಆದರೆ ವಾಟ್ಸಾಪಿನಲ್ಲಿ ಬರೆಯುತ್ತಾರೆ. ಡಬ್ಬಿಯ ಚೀಟಿಯ ಮೇಲೆ ‘ಆರ್ಡರಿಗೆ ವಾಟ್ಸಾಪ್ ಮಾಡಿ’ ಎಂದು ಒಂದು ಸಾಲು ಅಚ್ಚು ಹಾಕಿಸಿ ನೋಡಿ, ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ. ವಾಟ್ಸಾಪ್ ಕಾಲಿಗೆ ಮಾತ್ರ ಡಿಎನ್‌ಡಿ ಅನ್ವಯಿಸುವುದಿಲ್ಲ. ಅದರ ಸೆಟ್ಟಿಂಗಿನಲ್ಲೇ ಅಪರಿಚಿತ ಕಾಲ್ ಸೈಲೆಂಟ್ ಮಾಡುವ ಆಯ್ಕೆ ಇದೆ. ಅದನ್ನು ಹಾಕಿ, ಮೆಸೇಜು ಹೇಗೂ ಬರುತ್ತವೆ.

ನಂಬರಿನ ಮೊದಲ ಅಂಕಿಗಳನ್ನು ಗುರುತಿಟ್ಟುಕೊಳ್ಳಿ. 140 ಎಂದರೆ ಮಾರಾಟ, ಕಣ್ಣು ಮುಚ್ಚಿ ಬಿಡಬಹುದು. 1600 ಎಂದರೆ ಬ್ಯಾಂಕು, ಇನ್ಶೂರೆನ್ಸಿನವರ ಸೇವೆಯ ಕಾಲ್. ನಿಮ್ಮ ಕಾರ್ಡಿನಲ್ಲಿ ಏನೋ ಅನುಮಾನದ ವ್ಯವಹಾರ ಆಗಿದೆ ಎನ್ನುವಂಥದ್ದು. ಸೇವೆಯ ಕಾಲಿಗೆ 1600, ಮಾರಾಟಕ್ಕೆ 140 ಬಳಸಿ ಎಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. 1600ರ ಕಾಲನ್ನು ಬ್ಲಾಕ್ ಮಾಡಬೇಡಿ. ಇನ್ನು ‘ಬ್ಯಾಂಕಿನಿಂದ’ ಎಂದು ಹೇಳಿಕೊಂಡು ಸಾದಾ ಮೊಬೈಲ್ ನಂಬರಿನಿಂದ ಕಾಲ್ ಬಂದರೆ ಇಟ್ಟುಬಿಡಿ, ಪಾಸ್‌ಬುಕ್ಕಿನ ಮೇಲಿರುವ ನಂಬರಿಗೆ ನೀವೇ ಮಾಡಿ ವಿಚಾರಿಸಿ.

ಎತ್ತಿದ ಮೇಲೆ ಏನು ಮಾಡಬೇಕು? ‘ಹಲೋ’ ಎಂದು ಎರಡು ಸಲ ಹೇಳಿದರೂ ಅತ್ತ ಕಡೆ ಮೌನ ಇದ್ದರೆ ಇಟ್ಟುಬಿಡಿ. ಅಲ್ಲಿ ಮನುಷ್ಯ ಇಲ್ಲ. ಒಂದು ಯಂತ್ರ ಒಟ್ಟಿಗೆ ಹಲವು ನಂಬರಿಗೆ ಡಯಲ್ ಮಾಡಿ, ಮೊದಲು ಎತ್ತಿದವರನ್ನು ಖಾಲಿ ಇರುವ ಹುಡುಗನಿಗೋ ಹುಡುಗಿಗೋ ಕೊಡುತ್ತದೆ. ಯಾರೂ ಖಾಲಿ ಇಲ್ಲದಿದ್ದರೆ ಮೌನ. ‘ಕಾಲ್ ಬೇಡವಾದರೆ 9 ಒತ್ತಿ’ ಎಂದರೆ ಒತ್ತಬೇಡಿ. ಈ ನಂಬರಿನ ಹಿಂದೆ ಜೀವ ಇದೆ ಎಂದು ಅವರಿಗೆ ಗೊತ್ತಾಗುತ್ತದೆ, ಅಷ್ಟೇ. ಮನುಷ್ಯರು ಮಾತಾಡಿದರೆ ಯಾವ ಕಂಪನಿ ಎಂದು ಮಾತ್ರ ಕೇಳಿ, ದೂರಿಗೆ ಬೇಕಾಗುತ್ತದೆ. ಬೈಯಬೇಡಿ. ಅತ್ತ ಕಡೆ ಇರುವುದು ಟಾರ್ಗೆಟ್ಟಿನ ಭಾರಕ್ಕೆ ಬಗ್ಗಿದ, ನಮ್ಮ ನಿಮ್ಮ ಮನೆಯ ಮಕ್ಕಳಂಥವರೇ. ಬೈದರೆ ಅವರಿಗೂ ಬೇಜಾರು, ನಿಮ್ಮ ಬಿಪಿಯೂ ಜಾಸ್ತಿ.

ಯಾರದ್ದೋ ಸಾಲದ ವಸೂಲಿ ಕಾಲ್ ಬೇರೆ ಜಾತಿಯದ್ದು. ಅದು ಮಾರಾಟ ಅಲ್ಲ, ಆದ್ದರಿಂದ ಡಿಎನ್‌ಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾರಣ ಎರಡರಲ್ಲಿ ಒಂದಿರಬೇಕು. ಸಾಲ ತೆಗೆದವರು ನಿಮ್ಮ ನಂಬರನ್ನು ‘ಪರಿಚಯದವರು’ ಎಂದು ಕೊಟ್ಟಿರಬಹುದು. ಇಲ್ಲವೇ ನಿಮ್ಮ ನಂಬರ್ ಮೊದಲು ಅವರದ್ದಾಗಿತ್ತು. ಬಳಕೆ ನಿಂತ ನಂಬರನ್ನು ಕಂಪನಿಗಳು ಕೆಲವು ತಿಂಗಳು ಕಾದು ಬೇರೆಯವರಿಗೆ ಕೊಡುತ್ತವೆ, ಹಳಬನ ಸಾಲ ಹೊಸಬನ ಫೋನಿನಲ್ಲಿ ಬಡಿದುಕೊಳ್ಳುತ್ತದೆ. ಯಾವ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಎಂದು ಕೇಳಿ ಬರೆದುಕೊಳ್ಳಿ, ಆ ಕಂಪನಿಯ ದೂರು ವಿಭಾಗಕ್ಕೆ ‘ಈ ನಂಬರ್ ನನ್ನದು, ಆ ವ್ಯಕ್ತಿ ನನಗೆ ಗೊತ್ತಿಲ್ಲ’ ಎಂದು ಇಮೇಲ್ ಮಾಡಿ. ಏಜೆಂಟಿಗೆ ಹೇಳಿದರೆ ಪ್ರಯೋಜನ ಇಲ್ಲ, ನಾಳೆ ಅವನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. 30 ದಿನದಲ್ಲಿ ಸರಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು, ದುಡ್ಡು ಬೇಕಿಲ್ಲ, ವಕೀಲರೂ ಬೇಕಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕಾಲ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಹೇಳಿದೆ. ಅದು ನಿಜವಾದ ಸಾಲಗಾರರಿಗೇ ಇರುವ ರಕ್ಷಣೆ, ನಿಮಗಂತೂ ಕಾಲೇ ಬರಬಾರದು. ರಾತ್ರಿ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಇನ್ನು ಅತ್ತೆಯವರ ಕಾಲ್. ಅದು ಶುದ್ಧ ಮೋಸ. ಟ್ರಾಯ್ ಯಾರ ನಂಬರನ್ನೂ ಬಂದ್ ಮಾಡುತ್ತೇವೆ ಎಂದು ಕಾಲ್ ಮಾಡುವುದಿಲ್ಲ. ಅದು ನಿಯಮ ಮಾಡುವ ಸಂಸ್ಥೆ, ಸಿಮ್ ಕಂಪನಿ ಅಲ್ಲ. ಈ ಆಟದ ಮುಂದಿನ ಮೆಟ್ಟಿಲು ಗೊತ್ತೇ ಇದೆ: ‘ನಿಮ್ಮ ಆಧಾರ್ ಮೇಲೆ ಇನ್ನೊಂದು ಸಿಮ್ ಇದೆ, ಮುಂಬೈಯಲ್ಲಿ ಕೇಸ್ ಆಗಿದೆ, ಪೊಲೀಸರಿಗೆ ಕೊಡುತ್ತೇವೆ’ ಎಂದು ಹೆದರಿಸಿ, ವಿಡಿಯೊ ಕಾಲಿನಲ್ಲಿ ಯೂನಿಫಾರ್ಮ್ ತೋರಿಸಿ, ಡಿಜಿಟಲ್ ಅರೆಸ್ಟ್ ಎಂದು ದುಡ್ಡು ಕಕ್ಕಿಸುತ್ತಾರೆ. ಫೋನಿನಲ್ಲಿ ಅರೆಸ್ಟ್ ಎನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ಇಂಥ ಕಾಲನ್ನು 1909ಕ್ಕಲ್ಲ, ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಎಂಬ ವೆಬ್‌ಸೈಟಿಗೆ ತಿಳಿಸಿ. ಅದರಲ್ಲಿ ಚಕ್ಷು ಎಂಬ ವಿಭಾಗ ಇದೆ, 2024ರ ಮಾರ್ಚಿನಲ್ಲಿ ಶುರುವಾಯಿತು, ಈಗ ಮೊಬೈಲ್ ಆ್ಯಪೂ ಇದೆ. ಚಕ್ಷು ಇರುವುದು ದುಡ್ಡು ಹೋಗುವ ಮುಂಚೆ ಎಚ್ಚರಿಸಲು. ಅಕಸ್ಮಾತ್ ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಜಾಸ್ತಿ.

ಅದೇ ಸಂಚಾರ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡುವ ಅವಕಾಶವೂ ಇದೆ. ಅತ್ತೆಯವರದ್ದನ್ನೂ ಒಮ್ಮೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ, ಒಟಿಪಿ ಅವರ ಫೋನಿಗೇ ಬರುತ್ತದೆ. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ‘ನನ್ನದಲ್ಲ’ ಎಂದು ಒತ್ತಬಹುದು. ಅವರ ಫೋನಿಗೆ ಅಪರಿಚಿತ ಕಾಲ್ ಬೇಕಾಗಿಲ್ಲ ಎಂದಾದರೆ ಸೈಲೆಂಟ್ ಸೌಲಭ್ಯ ಹಾಕಿಕೊಡಿ, ಆದರೆ ಅದಕ್ಕೂ ಮುಂಚೆ ಡಾಕ್ಟರು, ಮೆಡಿಕಲ್ ಶಾಪು, ಗ್ಯಾಸಿನವರು, ನೆಂಟರು, ಎಲ್ಲರ ನಂಬರನ್ನೂ ಹೆಸರು ಹಾಕಿ ಸೇವ್ ಮಾಡಿ. ನಮ್ಮ ತಂದೆಯ ಫೋನಿನಲ್ಲಿ ಇದನ್ನು ಮರೆತು ಸೈಲೆಂಟ್ ಹಾಕಿದ್ದೆ. ಹಾಲಿನವನು ಮೂರು ದಿನ ಗೇಟಿನ ಹೊರಗಿನಿಂದ ಫೋನ್ ಮಾಡಿ ಮಾಡಿ ವಾಪಸ್ ಹೋಗಿದ್ದ.